ಮೂರು ಸರ್ಕಾರಗಳ ತವರುಮನೆ

ನಮ್ಮ ಬಾಗಲಕೋಟೆ ಜಿಲ್ಲೆಗೆ ನೀರು ಬರುವುದೂ ಮೇಲಿನಿಂದ, ನೆರವು ಬರುವುದೂ ಮೇಲಿನಿಂದ. ಎರಡೂ ಬಂದಾಗ ನಡುವೆ ಸಿಕ್ಕಿಕೊಳ್ಳುವವರು ನನ್ನಂಥವರು. ನಾನು ನವನಗರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವಾಕೆ. ಕಲಿಸುತ್ತಾಳೆ ಅಂದಮೇಲೆ ಮಾತಾಡಲಿಕ್ಕೂ ಬರುತ್ತಿರಬೇಕು ಎಂದು ಯಾರೋ ದೊಡ್ಡವರು ನಂಬಿದ್ದರಿಂದ, ಹೊರದೇಶದವರು ಬಂದಾಗಲೆಲ್ಲ ದುಭಾಷಿಯ ಕೆಲಸಕ್ಕೆ ನನ್ನನ್ನೇ ಕರೆಯುತ್ತಾರೆ. ಹೋದಾಗಲೆಲ್ಲ ಏನಾದರೊಂದು ನಡೆದೇ ನಡೆಯುತ್ತದೆ. ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು ನಂಬುವುದಿಲ್ಲ. ಆದ್ದರಿಂದ ಬರೆದೇ ಬಿಡುತ್ತಿದ್ದೇನೆ.

ಈ ಸಲ ಬಂದದ್ದು ಎರಡು ದೇಶಗಳ ಸರ್ಕಾರದವರು. ನಮ್ಮ ಸರ್ಕಾರವನ್ನೂ ಸೇರಿಸಿಕೊಂಡು ಮೂವರೂ ಕೂಡಿ, ಮಲಪ್ರಭೆಯ ದಂಡೆಯ ಒಂದು ಊರಿನಲ್ಲಿ ಎತ್ತರದ ಕಂಬಗಳ ಮೇಲೆ ಆಸರೆ ಮನೆ ಕಟ್ಟಬೇಕು ಎಂಬುದು ಯೋಜನೆ. ಹೊಳೆ ಬಂದರೆ ಊರವರೆಲ್ಲ ಅದರಲ್ಲಿ ಇರಬಹುದು. ಕುಡಿಯಲು ಶುದ್ಧ ನೀರು, ಬಾಣಂತಿಯರಿಗೆ, ರೋಗಿಗಳಿಗೆ ಒಂದು ಕೋಣೆ. ಆದರೆ ಸದ್ಯಕ್ಕೆ ಒಂದೇ ಒಂದು. ಯಾವ ಊರಿಗೆ ಅನ್ನುವುದನ್ನು ತಂಡದವರು ತಿರುಗಾಡಿ ನೋಡಿ ತೀರ್ಮಾನಿಸಬೇಕು. ತಂಡದಲ್ಲಿ ಮೂವರು. ಒಬ್ಬರು ಹಿಮ ಬೀಳುವ ದೇಶದ ಮೇಡಂ, ಇನ್ನೊಬ್ಬರು ಸಮುದ್ರದ ನಡುವಿನ ದೇಶದ ಸಾಹೇಬರು, ಮೂರನೆಯವರು ನಮ್ಮ ಜಿಲ್ಲೆಯ ಅಧಿಕಾರಿ.

ಸುದ್ದಿ ತಿಳಿದ ಮರುದಿನವೇ ನಮ್ಮ ಮನೆಗೆ, ಎಲ್ಲರೂ ಆಯಿ ಅನ್ನುವ ಮುದುಕಿಯೊಬ್ಬಳು ಬಂದಳು. ಆಕೆಯ ಮೊಮ್ಮಗಳು ನನ್ನ ವಿದ್ಯಾರ್ಥಿನಿ. ಊರು ಹುನಗುಂದ ತಾಲೂಕಿನಲ್ಲಿ, ಹೊಳೆ ತಿರುವು ತೆಗೆದುಕೊಳ್ಳುವ ಕಡೆ. ಹಿಂದಿನ ಸಲ ಹೊಳೆ ಬಂದಾಗ ಸೇತುವೆ ಮುಳುಗಿ, ಆಯಿಯ ಸೊಸೆ ಜೋಳದ ಹೊಲದ ನಡುವೆ ಟ್ರ್ಯಾಕ್ಟರಿನಲ್ಲಿ ಮಳೆಯಲ್ಲಿ ನೆನೆಯುತ್ತ ಹಡೆದಿದ್ದಳು. ಪುಣ್ಯಕ್ಕೆ ತಾಯಿ ಕೂಸು ಇಬ್ಬರೂ ಉಳಿದರು. ನಾನು ಕೊಟ್ಟ ಚಹಾ ಮುಟ್ಟದೆ ಆಯಿ ಒಂದೇ ಮಾತು ಹೇಳಿದಳು.

“ಆ ಮನಿ ನಮ್ಮೂರಿಗೇ ಬರಬೇಕವ್ವಾ. ಊರಾಗ ಇನ್ನೂ ಹರೇದ ಸೊಸ್ತೇರು ಅದಾರ. ಮತ್ತ ಯಾರೂ ಟ್ರ್ಯಾಕ್ಟರದಾಗ ಹಡೀಬಾರದು.”

ನಾನು ಬರೀ ದುಭಾಷಿ, ನನ್ನ ಮಾತು ನಡೆಯುವುದಿಲ್ಲ, ಕಷ್ಟವನ್ನು ಊರವರೇ ಅವರ ಮುಂದೆ ಹೇಳಬೇಕು ಅಂದೆ. ಅದರ ಚಿಂತೆ ಬೇಡ, ನಾನೇ ನಿಂತು ಹೇಳುತ್ತೇನೆ, ನೀನು ಇಂಗ್ಲಿಷ್ ಮಾಡಿದರೆ ಸಾಕು ಎಂದು ಆಯಿ ಧೈರ್ಯ ಕೊಟ್ಟು ಹೋದಳು.

೧. ಜೀಪಿನ ಮೇಲೆ ಮೂರು ಬಾವುಟ

ಮೊದಲ ದಿನವೇ ತಕರಾರು. ಮೂರು ಸರ್ಕಾರ, ಜೀಪು ಒಂದು. ಮುಂದಿನ ಸೀಟಿನಲ್ಲಿ ಯಾರು ಕೂಡಬೇಕು? ಮೇಡಂ ಸಾಹೇಬರಿಗೆ ಬಿಟ್ಟುಕೊಟ್ಟರು, ಸಾಹೇಬರು ಮೇಡಂಗೆ ಬಿಟ್ಟುಕೊಟ್ಟರು, ಇಬ್ಬರೂ ಸೇರಿ ನಮ್ಮ ಅಧಿಕಾರಿಗೆ ಬಿಟ್ಟುಕೊಟ್ಟರು. ಅತಿಥಿಗಳನ್ನು ಹಿಂದೆ ಕೂಡಿಸಿ ತಾನು ಮುಂದೆ ಕೂತರೆ ಪೇಪರಿನಲ್ಲಿ ಫೋಟೋ ಬರುತ್ತದೆ ಎಂದು ನಮ್ಮ ಅಧಿಕಾರಿಗೆ ಹೆದರಿಕೆ. ಕೊನೆಗೆ ಮುಂದಿನ ಸೀಟು ಖಾಲಿ ಉಳಿಯಿತು. ನಾವು ನಾಲ್ವರೂ ಹಿಂದೆ ಒತ್ತಿಕೊಂಡು ಕೂತೆವು. ಮುಂದಿನ ಸೀಟಿನಲ್ಲಿ ನೀರಿನ ಬಾಟಲಿಗಳು ಆರಾಮಾಗಿ ಪ್ರಯಾಣ ಮಾಡಿದವು.

ಬಾವುಟಗಳದ್ದು ಬೇರೆ ಕಥೆ. ಮೂರು ದೇಶದವೂ ಒಂದೇ ಎತ್ತರದಲ್ಲಿ ಇರಬೇಕೆಂದು ಡ್ರೈವರ್ ಬೆಳಿಗ್ಗೆಯಿಂದ ದಾರ ಹಿಡಿದು ಅಳೆದು ಕಟ್ಟಿದ್ದ. ಗುಡೂರಿನಲ್ಲಿ ಚಹಾಕ್ಕೆ ಇಳಿದಾಗ, ಅಂಗಡಿ ಮುಂದೆ ಕೂತಿದ್ದ ಹಿರಿಯರೊಬ್ಬರು ಬಾವುಟಗಳನ್ನು ಒಂದೊಂದಾಗಿ ನೋಡಿ, ಚುನಾವಣೆ ಇನ್ನೂ ದೂರ ಇದೆಯಲ್ಲ, ಇದು ಯಾವ ಪಕ್ಷ ಎಂದು ಕೇಳಿದರು. ಪಕ್ಷ ಅಲ್ಲ, ಮೂರು ಸರ್ಕಾರಗಳು ಕೂಡಿ ಮಾಡುತ್ತಿರುವ ಕೆಲಸ ಎಂದು ನಮ್ಮ ಅಧಿಕಾರಿ ಬಿಡಿಸಿ ಹೇಳಿದರು. ಹಿರಿಯರು ತಲೆ ಅಲ್ಲಾಡಿಸಿದರು.

“ಮೈತ್ರಿ ಸರ್ಕಾರ ಅನ್ರಿ ಹಂಗಾರ. ಎಷ್ಟ ದಿನಾ ನಡೀತೈತಿ ನೋಡೂಣು.”

ಹಿರಿಯರು ಏನಂದರು ಎಂದು ಮೇಡಂ ಕೇಳಿದರು. ಶುಭ ಕೋರಿದರು ಅಂದೆ.

೨. ಎರಡೂ ಕಡೆಯ ದೊಡ್ಡಗುಣ

ಬಾದಾಮಿಯ ಕಡೆ ಒಂದು ಊರಿನಲ್ಲಿ ನೀರು ಶುದ್ಧ ಮಾಡುವ ಯಂತ್ರ ನಡೆಸಿ ತೋರಿಸುವುದಿತ್ತು. ಯಂತ್ರ ಮೇಡಂ ದೇಶದ್ದು, ಪಂಪು ಸಾಹೇಬರ ದೇಶದ್ದು, ಹೊಳೆಯ ರಾಡಿ ನೀರು ನಮ್ಮದು. ಊರಿಗೆ ಊರೇ ನೆರೆದಿತ್ತು. ಜೋಡಿಸಲು ಹೋದರೆ ಪಂಪಿನ ಪೈಪು ಯಂತ್ರದ ಬಾಯಿಗೆ ಕೂಡಲಿಲ್ಲ. ಇದು ದಪ್ಪ, ಅದು ಸಣ್ಣದು.

ಊರವರು ಸೈಕಲ್ ಟ್ಯೂಬು ಸುತ್ತೋಣ ಅಂದರು. ಬೇರೆ ಸರ್ಕಾರದ ಆಸ್ತಿಗೆ ಕೈ ಹಚ್ಚಬೇಕಾದರೆ ಅವರ ರಾಜಧಾನಿಯ ಒಪ್ಪಿಗೆ ಬೇಕು ಎಂದು ನಮ್ಮ ಅಧಿಕಾರಿ ತಡೆದರು. ಮೇಡಂ ತಮ್ಮ ರಾಜಧಾನಿಗೆ ಫೋನ್ ಹಚ್ಚಿದರು, ಸಾಹೇಬರು ತಮ್ಮದಕ್ಕೆ. ಇವರದು ಎದ್ದಾಗ ಅವರದು ಮಲಗಿರುತ್ತಿತ್ತು. ಎರಡೂ ಎದ್ದಿದ್ದಾಗ ನಮ್ಮಲ್ಲಿ ಎರಡನೇ ಶನಿವಾರ.

ಹೀಗೆ ಯಂತ್ರ ಗುಡಿಯ ಪಕ್ಕದ ಕಟ್ಟೆಯ ಮೇಲೆ ಹಾಗೇ ಕೂತಿತು. ನಮ್ಮ ಮಂದಿ ಸುಮ್ಮನೆ ಬಿಡುವವರಲ್ಲ. ದೂರದಿಂದ ಬಂದದ್ದು, ಬಿಳೀ ಬಣ್ಣದ್ದು, ಗಂಭೀರವಾಗಿ ಕೂತಿದೆ. ಯಾರೋ ಒಬ್ಬರು ವಿಭೂತಿ ಹಚ್ಚಿದರು. ಇನ್ನೊಬ್ಬರು ನಿಂಬೆಹಣ್ಣು ಕಟ್ಟಿದರು. ಸೋಮವಾರಕ್ಕೆ ಕಾಯಿ ಒಡೆದರು. ಪ್ರಗತಿ ಹೇಗಿದೆ ಎಂದು ಕೇಳಿದ ರಾಜಧಾನಿಗೆ ಮೇಡಂ ಫೋಟೋ ಕಳಿಸಿದರಂತೆ. ಯಂತ್ರವನ್ನು ಸ್ಥಳೀಯರು ತುಂಬ ಗೌರವದಿಂದ ನೋಡಿಕೊಳ್ಳುತ್ತಿದ್ದಾರೆ ಎಂದು ಅಲ್ಲಿಂದ ಮೆಚ್ಚುಗೆ ಬಂತು.

ಅಂತೂ ಎರಡೂ ದೇಶಗಳಿಂದ ಹೊಸ ಭಾಗಗಳು ವಿಮಾನದಲ್ಲಿ ಬಂದವು. ಬಿಚ್ಚಿ ಜೋಡಿಸಿದರು. ಮತ್ತೆ ಕೂಡಲಿಲ್ಲ. ಈಗ ಇದು ಸಣ್ಣದು, ಅದು ದಪ್ಪ. ಗೆಳೆಯರ ದೇಶಕ್ಕೆ ತೊಂದರೆ ಆಗಬಾರದು ಎಂದು ಮೇಡಂ ಸರ್ಕಾರ ಯಂತ್ರದ ಬಾಯಿಯನ್ನು ಪಂಪಿನ ಅಳತೆಗೆ ಬದಲಿಸಿ ಕಳಿಸಿತ್ತು. ಅದೇ ಒಳ್ಳೆಯ ಮನಸ್ಸಿನಿಂದ ಸಾಹೇಬರ ಸರ್ಕಾರ ಪೈಪನ್ನು ಯಂತ್ರದ ಅಳತೆಗೆ ಬದಲಿಸಿತ್ತು. ಮೇಡಂ, ಸಾಹೇಬರು ಇಬ್ಬರೂ ಒಬ್ಬರಿಗೊಬ್ಬರು ಕ್ಷಮೆ ಕೇಳಿಕೊಂಡರು. ನನಗೆ ಅವರಿಬ್ಬರ ಮೇಲೂ ಅಕ್ಕರೆ ಹುಟ್ಟಿದ್ದು ಆವತ್ತೇ.

ಮೇಡಂ ಆಮೇಲೆ ಯಾರನ್ನೂ ಕೇಳದೆ ತಮ್ಮ ಹಳೆಯ ಬಾಯಿಯನ್ನೇ ತಿರುಗಿ ಹಾಕಿದರು. ಹೊಸ ಪೈಪು ಸರಿಯಾಗಿ ಕೂತಿತು, ತಿಳಿ ನೀರು ಸುರಿಯಿತು. ಮೊದಲ ಲೋಟವನ್ನು ಊರ ಹಿರಿಯರಿಗೆ ಕೊಟ್ಟರು. ಅವರು ಕಣ್ಣಿಗೆ ಒತ್ತಿಕೊಂಡು, ಹನಿ ಹನಿಯಾಗಿ ತೀರ್ಥದಂತೆ ಎಲ್ಲರಿಗೂ ಹಂಚಿಬಿಟ್ಟರು. ರುಚಿ ಹೇಗಿದೆ ಎಂದು ಮೇಡಂ ಕೇಳುವಷ್ಟರಲ್ಲಿ ಲೋಟ ಖಾಲಿಯಾಗಿತ್ತು.

೩. ಹತ್ತು ಗಂಟೆಗೆ ಬರುವ ಹೊಳೆ

ಮುಂದಿನದು ಆಯಿಯ ಊರಿನಲ್ಲೇ ನಡೆದದ್ದು. ಹೊಳೆ ಬಂದರೆ ಊರು ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ಪರೀಕ್ಷೆ ಮಾಡುವ ಅಣಕು ಪ್ರವಾಹ. ಹತ್ತು ಗಂಟೆಗೆ ಸೈರನ್ ಊದುತ್ತದೆ, ಆಗ ಎಲ್ಲರೂ ಮನೆ ಬಿಟ್ಟು ದಿಬ್ಬಕ್ಕೆ ಓಡಬೇಕು ಎಂದು ಹಿಂದಿನ ದಿನವೇ ಡಂಗುರ ಸಾರಿದ್ದರು.

ನಾವು ಒಂಬತ್ತೂವರೆಗೆ ಹೋಗಿ ನೋಡಿದರೆ ಊರಿನಲ್ಲಿ ನರಪಿಳ್ಳೆ ಇಲ್ಲ. ಎಲ್ಲರೂ ಆಗಲೇ ದಿಬ್ಬದ ಮೇಲೆ ಇಳಕಲ್ ಸೀರೆ ಉಟ್ಟು, ರುಮಾಲು ಸುತ್ತಿ, ಎಮ್ಮೆಗಳನ್ನು ಗೂಟಕ್ಕೆ ಕಟ್ಟಿ, ಬುತ್ತಿ ಬಿಚ್ಚಿಕೊಂಡು ಕೂತಿದ್ದಾರೆ. ಸಾಹೇಬರು ಕೈಯಲ್ಲಿ ಗಡಿಯಾರ ಹಿಡಿದು ಕಂಗಾಲಾದರು. ಸೈರನ್ನಿಗೆ ಮೊದಲೇ ಯಾಕೆ ಬಂದಿರಿ ಎಂದು ಕೇಳಲು ಹೇಳಿದರು. ಆಯಿ ನನ್ನನ್ನೇ ವಿಚಿತ್ರವಾಗಿ ನೋಡಿದಳು.

“ಹೊಳಿ ಹತ್ತಕ್ಕ ಬರ್ತೈತಿ ಅಂತ ನೀವ ಹೇಳೀರಿ. ಹತ್ತರತನಾ ಮನ್ಯಾಗ ಕುಂಡ್ರಾಕ ನಮಗೇನ ಹುಚ್ಚೇನ್ರಿ?”

ಮತ್ತೆ ಎಲ್ಲರನ್ನೂ ಕೆಳಗೆ ಕಳಿಸಿ, ಮುಳುಗಲು ಒಪ್ಪಿಸಿ, ಸೈರನ್ ಊದಿಸಿ, ಓಡಿಸಬೇಕಾಯಿತು.

ಗಾಯಾಳುವಿನ ಪಾತ್ರಕ್ಕೆ ಊರಿನ ಟೇಲರ್ ಒಪ್ಪಿಕೊಂಡಿದ್ದ. ತಲೆಗೆ ಬಟ್ಟೆ ಸುತ್ತಿ, ಕೆಂಪು ಬಣ್ಣ ಬಳಿದು, ಸ್ಟ್ರೆಚರಿಗೆ ಬಿಗಿಯಾಗಿ ಕಟ್ಟಿ ನಾಲ್ವರು ಹೊತ್ತುಕೊಂಡು ಹೊರಟರು. ಅಷ್ಟರಲ್ಲೇ ಇಳಕಲ್ಲಿನಿಂದ ಬಸ್ಸು ಬಂತು. ಇಳಿದವಳು ಅವನ ಅಕ್ಕ. ಅಲ್ಲಿಗೇ ಕೊಟ್ಟ ಹೆಣ್ಣುಮಗಳು, ತಮ್ಮನನ್ನು ಮಾತಾಡಿಸಲು ಬಂದಿದ್ದಳು. ಸ್ಟ್ರೆಚರ್ ನೋಡಿದವಳೇ ಕೈಚೀಲ ಬಿಟ್ಟು ಓಡಿಬಂದು, ಅವನ ಮೇಲೆ ಬಿದ್ದು, ಚಿಕ್ಕಂದಿನಿಂದ ಅವನು ಮಾಡಿದ ಒಂದೊಂದು ಉಪಕಾರವನ್ನೂ ಹೆಸರು ಹಿಡಿದು ಹಾಡಿ ಅತ್ತಳು. ಹೊತ್ತವರ ಕಣ್ಣಲ್ಲೂ ನೀರು. ಟೇಲರ್ ಮಾತ್ರ, ನಡುವೆ ಮಾತಾಡಬಾರದು ಎಂದು ಸಾಹೇಬರು ಹೇಳಿದ್ದರಿಂದ, ಕಣ್ಣು ಮುಚ್ಚಿಕೊಂಡೇ ಮಲಗಿದ್ದ. ಹೊಗಳಿಕೆ ಕೇಳುತ್ತ ಒಂದಿಷ್ಟು ಖುಷಿಯೂ ಆಗಿತ್ತೋ ಏನೋ.

ಯಾರೋ ಆಕೆಯ ಕಿವಿಯಲ್ಲಿ ಇದು ಸುಳ್ಳುಸುಳ್ಳೇ ಎಂದು ಹೇಳಿದರು. ಆಕೆ ಅಳು ನಿಲ್ಲಿಸಿದಳು. ಎದ್ದು ಹೋಗಿ ಬಿದ್ದಿದ್ದ ಕೈಚೀಲ ತಂದಳು. ಅದರಿಂದಲೇ ತಮ್ಮನಿಗೆ ನಾಲ್ಕು ಬಾರಿಸಿದಳು. ಕಟ್ಟಿಹಾಕಿದ್ದರಿಂದ ಅವನಿಗೆ ತಪ್ಪಿಸಿಕೊಳ್ಳಲು ಆಗಲಿಲ್ಲ. ಎಷ್ಟೋ ದೇಶಗಳಲ್ಲಿ ಇಂಥ ಅಣಕು ನೋಡಿದ್ದ ಸಾಹೇಬರು ಪುಸ್ತಕ ತೆಗೆದು ಏನೋ ಬರೆದುಕೊಂಡರು. ಕೊನೆಗೆ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ್ದು ಒಂದೇ: ಈ ಹೆಣ್ಣುಮಗಳಿಗೆ ತರಬೇತಿ ಕೊಟ್ಟ ಇಲಾಖೆ ಯಾವುದು?

೪. ಉಡಿ ತುಂಬಿದ ಮೇಲೆ

ಊರು ಆರಿಸುವ ಮೊದಲು ಕೊನೆಯ ಭೇಟಿ. ಜನರನ್ನು ಕೂಡಿಸಿ ಅವರ ಕಷ್ಟ ಕೇಳಬೇಕು. ಉಳಿದ ಊರುಗಳಲ್ಲಿ ಮಂದಿ ಮನಸ್ಸು ಬಿಚ್ಚಿ ಹೇಳಿದ್ದರು, ಅತ್ತಿದ್ದರು. ಆಯಿಯ ಊರೊಂದೇ ಉಳಿದಿತ್ತು. ಹಿಂದಿನ ದಿನ ಫೋನ್ ಮಾಡಿದಾಗ, ಎಲ್ಲ ತಯಾರಿ ಆಗಿದೆ, ಚಿಂತೆ ಮಾಡಬೇಡ ಎಂದು ಆಯಿ ಹೇಳಿದ್ದಳು. ತಯಾರಿ ಯಾವುದು ಎಂದು ಕೇಳಲು ನನಗೆ ಹೊಳೆಯಲಿಲ್ಲ.

ಹೋಗಿ ನೋಡಿದರೆ ಆಯಿಯ ಮನೆ ಮುಂದಿನ ಗೋಡೆಗೆ ಹೊಸ ಸುಣ್ಣ. ಒಳಗೆ ಗಾದಿ, ಲೋಡು, ಜಮಖಾನೆ. ಹಿತ್ತಾಳೆಯ ತಂಬಿಗೆಗಳು ಫಳಫಳ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು, ಸಿಹಿಗೆ ಮಾದಲಿ, ಅದರ ಮೇಲೆ ತುಪ್ಪ. ಸಾಹೇಬರು ಮೂರನೇ ರೊಟ್ಟಿ ಮುಗಿಸಿ, ಕೆಲಸ ನೆನಪಾಗಿ, ಹೊಳೆ ಬಂದಾಗ ನಿಮಗೆ ಏನೇನು ತೊಂದರೆ ಆಗುತ್ತದೆ ಎಂದು ಕೇಳಿದರು. ನಾನು ಆಯಿಯ ಕಡೆ ತಿರುಗಿ, ಹೇಳು ಎಂದು ಕಣ್ಣಿನಲ್ಲೇ ತಿವಿದೆ.

“ಏನ ತ್ರಾಸ ಇಲ್ರಿ. ಎಲ್ಲಾ ಆರಾಮ ಐತಿ. ಇನ್ನೊಂದ ರೊಟ್ಟಿ ಹಾಕ್ಲ್ಯಾ?”

ಸೇತುವೆ ಮುಳುಗಿದರೆ ಏನು ಮಾಡುತ್ತೀರಿ ಎಂದು ಮೇಡಂ ಕೇಳಿದರು. ಏನೋ ನಡೆಯುತ್ತದೆ, ಹಿಂದಿನಿಂದಲೂ ನಡೆದುಕೊಂಡು ಬಂದಿದೆ ಎಂದು ಆಯಿ ತುಪ್ಪ ಹಾಕಿದಳು. ದವಾಖಾನೆ ದೂರ ಅಲ್ಲವೇ ಅಂದರೆ, ನಮಗೆ ರೋಗ ಬರುವುದೇ ಅಪರೂಪ ಅಂದಳು. ಪಕ್ಕದಲ್ಲಿ ಟ್ರ್ಯಾಕ್ಟರಿನಲ್ಲಿ ಹಡೆದ ಸೊಸೆ ಅದೇ ಕೂಸನ್ನು ಎತ್ತಿಕೊಂಡು ನಗುತ್ತ ನಿಂತಿದ್ದಳು. ಇದನ್ನೆಲ್ಲ ನಾನೇ ನನ್ನ ಬಾಯಿಂದ ಇಂಗ್ಲಿಷಿಗೆ ತಿರುಗಿಸಬೇಕಾಯಿತು. ಈ ಊರು ಉಳಿದವುಗಳಿಗಿಂತ ಗಟ್ಟಿ ಇದೆ, ಇವರಿಗೆ ಅಷ್ಟೇನೂ ಜರೂರಿ ಇದ್ದಂತಿಲ್ಲ ಎಂದು ಸಾಹೇಬರು ನಮ್ಮ ಅಧಿಕಾರಿಗೆ ಹೇಳಿದರು.

ಆಯಿಯನ್ನು ಅಡುಗೆ ಮನೆಗೆ ಎಳೆದುಕೊಂಡು ಹೋದೆ. ನಮ್ಮ ಮನೆಗೆ ಬಂದು ಏನು ಹೇಳಿದ್ದಿ, ಇಲ್ಲಿ ಏನು ಹೇಳುತ್ತಿದ್ದಿ, ಕೈಗೆ ಬಂದದ್ದು ಹೋಯಿತಲ್ಲ ಎಂದು ಸಿಟ್ಟಿನಿಂದಲೇ ಕೇಳಿದೆ. ಆಯಿಯ ಮುಖವೂ ಸಣ್ಣದಾಗಿತ್ತು.

“ಗೊತ್ತೈತವ್ವಾ. ಖರೆ, ಉಣ್ಣಾಕ ಕುಂತವರ ಮುಂದ ಕಷ್ಟಾ ಹೇಳ್ತಾರೇನು? ಅವರಿಗೆ ತುತ್ತು ಇಳೀತೈತೇನು?”

ನಮ್ಮದೂ ಹಳೇ ಬಾಗಲಕೋಟೆಯ ಮನೆ. ಅದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮುಂಚೆ ಸರ್ವೆಗೆ ಬಂದವರಿಗೆ ನಮ್ಮವ್ವ ಅವಲಕ್ಕಿ ಕೊಟ್ಟು, ಬಿಸಿಲಿಗೆ ಬಂದೀರಿ ಎಂದು ಮಜ್ಜಿಗೆಯನ್ನೂ ಕೊಟ್ಟಿದ್ದಳು. ಯಾರಿಗೆ ಏನು ಬುದ್ಧಿ ಹೇಳಲಿ? ಸಿಟ್ಟು ಇಳಿಯಿತು, ಕಣ್ಣು ತುಂಬಿದವು.

ಹೊರಗೆ ಜೀಪು ಶುರುವಾಗಿತ್ತು. ಸಾಹೇಬರೂ ನಮ್ಮ ಅಧಿಕಾರಿಯೂ ಹತ್ತಿರ ಹೋಗಿ ನಿಂತಿದ್ದರು. ಮೇಡಂ ಹೊಸ್ತಿಲು ದಾಟುವಷ್ಟರಲ್ಲಿ ಆಯಿ ತಡೆದಳು. ಹೆಣ್ಣುಮಗಳು ಮನೆಗೆ ಬಂದು ಉಡಿ ತುಂಬಿಸಿಕೊಳ್ಳದೆ ಹೋಗುವುದುಂಟೇ? ಮೇಡಂಗೆ ಮದುವೆ ಆಗಿದೆಯೋ ಇಲ್ಲವೋ ಎಂದು ಯಾರೋ ಪಿಸುಗುಟ್ಟಿದರು. ಹೆಣ್ಣು ಹೌದಲ್ಲ, ಅಷ್ಟು ಸಾಕು ಎಂದು ಆಯಿ ಬಾಯಿ ಮುಚ್ಚಿಸಿದಳು. ಮಣೆ ಹಾಕಿ ಕೂಡಿಸಿದರು. ಮೇಡಂ ಉಟ್ಟದ್ದು ಪ್ಯಾಂಟು, ಉಡಿ ಒಡ್ಡಲು ಸೆರಗಿಲ್ಲ. ಆಯಿ ಟ್ರಂಕಿನಿಂದ ತನ್ನ ಇಳಕಲ್ ಸೀರೆ ತೆಗೆದು ಆಕೆಯ ಹೆಗಲಿಗೆ ಹಾಕಿ, ಸೆರಗು ಹಿಡಿಸಿ, ಅಕ್ಕಿ, ಕಾಯಿ, ಬೆಲ್ಲ, ಅರಿಷಿಣ ಬೇರು, ರವಿಕೆಯ ಖಣ ಹಾಕಿದಳು.

ಮೇಡಂ ಇದರ ಅರ್ಥ ಏನು ಎಂದು ಕೇಳಿದರು. ಇನ್ನು ಮೇಲೆ ನೀವು ಅತಿಥಿಯಲ್ಲ, ಈ ಮನೆಯ ಮಗಳು, ಇದು ನಿಮ್ಮ ತವರು ಎಂದು ಹೇಳಿದೆ. ಆಕೆ ಉಡಿಯನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡರು. ಏನು ಹೇಳಿದಿ ಎಂದು ಆಯಿ ಕೇಳಿದಳು. ಮನೆ ಮಗಳು ಅಂತ ಹೇಳಿದೆ ಅಂದೆ. ಆಯಿ ಸೆರಗು ಸೊಂಟಕ್ಕೆ ಸಿಗಿಸಿದಳು. ಆಮೇಲೆ ಮೇಡಂ ಎದುರಿಗೆ ನೆಲದ ಮೇಲೆ ಕೂತುಬಿಟ್ಟಳು.

“ಹಂಗಾರ ಈಗ ಕೇಳು ಮಗಳ, ನಮ್ಮ ತ್ರಾಸ.”

ಶುರುವಾಯಿತು ನೋಡಿ. ಸೇತುವೆ, ಟ್ರ್ಯಾಕ್ಟರು, ಮಳೆ, ಸೊಸೆಯ ಕೂಗು, ಹೊಕ್ಕಳಬಳ್ಳಿ ಕೊಯ್ಯಲು ಸಿಗದ ಬ್ಲೇಡು. ಈ ಗಾದಿ ನಮ್ಮವಲ್ಲ, ತಂಬಿಗೆ ಪಕ್ಕದ ಮನೆಯವು, ಸುಣ್ಣ ಮುಂದಿನ ಗೋಡೆಗಷ್ಟೇ, ಹಿಂದೆ ಹೋಗಿ ನೋಡು ಬಿರುಕು ಎಂದಳು. ಬಾಗಿಲಲ್ಲಿ ನಿಂತ ಹೆಂಗಸರೂ ಒಳಗೆ ಬಂದರು. ಆಯಿಯ ಮಗಳೆಂದರೆ ಅವರಿಗೂ ಮಗಳೇ. ಒಬ್ಬೊಬ್ಬರೂ ತಮ್ಮ ಕಷ್ಟ ತೋಡಿಕೊಂಡರು. ತಿರುಗಿಸಿ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಮೇಡಂ ಸೆರಗಿನಿಂದಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಮೇಡಂ ಯಾಕೆ ಬರಲಿಲ್ಲ ಎಂದು ನೋಡಲು ಬಂದ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಕೇಳಿದಾಗ ಹೇಳಲಿಲ್ಲ, ಈಗ ಯಾಕೆ ಹೇಳುತ್ತಿದ್ದಾರೆ ಅಂದರು. ಆಗ ನೀವು ಬಂದ ಮಂದಿ, ಈಗ ಆಕೆ ಮಗಳು ಅಂದೆ. ಅವರು ಬೂಟು ಬಿಚ್ಚಿ ಒಳಗೆ ಬಂದು ಕೂತರು. ಹಿಂದಿನ ಗೋಡೆಯನ್ನೂ ನೋಡಿದರು. ಮಗಳ ಕೂಡ ಬಂದವನನ್ನು ಬರಿಗೈಲಿ ಕಳಿಸಬಾರದೆಂದು ಆಯಿ ಅವರಿಗೆ ರುಮಾಲು ಸುತ್ತಿಸಿ ಅಳಿಯ ಅಂದಳು. ಬಾಗಿಲಲ್ಲಿ ನಿಂತ ನಮ್ಮ ಅಧಿಕಾರಿಗೆ ಟಾವೆಲ್ ಹೊದಿಸಿ, ನೀನು ನನ್ನ ಮಗನ ಹಾಗೆ ಅಂದಳು. ಹೊರಡುವಾಗ ಮೇಡಂ ಕೈ ಹಿಡಿದು, ನನಗೆ ಇಂಗ್ಲಿಷ್ ಮಾಡಲು ಹೇಳಿದಳು.

“ಗಂಡನ ಮನ್ಯಾಗ ಬಾಯಿಬಿಟ್ಟು ಕೇಳಾಕ ನಾಚಿಗಿ ಆಗ್ತೈತಿ, ನನಗೂ ಗೊತ್ತೈತಿ. ಖರೆ ನಿಮ್ಮ ಸರ್ಕಾರದವರಿಗೆ ಹೇಳು ಮಗಳ. ತವರಿಗೆ ಕಷ್ಟ ಬಂದೈತಿ, ಒಂದ ಮನಿ ಕಟ್ಟಿಸಿ ಕೊಡ್ರಿ ಅಂತ ಹೇಳು.”

ಬಾಗಲಕೋಟೆಯಲ್ಲಿ ತೀರ್ಮಾನದ ಸಭೆ. ಸಭೆ ನಡೆಸಲು ಬೆಂಗಳೂರಿನ ಹಿರಿಯ ಅಧಿಕಾರಿಯೊಬ್ಬರು ಪರದೆಯ ಮೇಲೆ ಕೂತಿದ್ದರು. ಮೂರು ಸರ್ಕಾರಗಳೂ ಒಪ್ಪಿ ಮಾಡಿದ ನಿಯಮವನ್ನು ಮೊದಲು ಓದಿದರು: ಯಾವುದೇ ಊರಿನಲ್ಲಿ ಸಂಬಂಧಿಕರು ಇರುವ ಸದಸ್ಯರು ಆ ಊರಿನ ತೀರ್ಮಾನದಿಂದ ದೂರ ಇರಬೇಕು. ಆಯಿಯ ಊರಿನ ಹೆಸರು ಬಂತು. ಮೇಡಂ ಕೈ ಎತ್ತಿ, ಅದು ನನ್ನ ತವರು, ನಾನು ಹೊರಗೆ ಹೋಗುತ್ತೇನೆ ಎಂದು ಎದ್ದರು. ಸಾಹೇಬರು ಗಂಟಲು ಸರಿಮಾಡಿಕೊಂಡು, ಹಾಗಿದ್ದರೆ ನಾನು ಆ ಊರಿನ ಅಳಿಯ ಅಂದರು. ನಮ್ಮ ಅಧಿಕಾರಿ ತಲೆ ತಗ್ಗಿಸಿ, ನನಗೂ ಅಲ್ಲಿ ತಾಯಿಯೊಬ್ಬಳು ಇದ್ದಾಳೆ ಎಂದು ಹಿಂದೆಯೇ ನಡೆದರು. ಮೂರು ಸರ್ಕಾರಗಳೂ ವರಾಂಡದಲ್ಲಿ ಸಾಲಾಗಿ ನಿಂತವು. ಒಳಗೆ ಉಳಿದದ್ದು ನಾನು, ಪರದೆ, ಖಾಲಿ ಕುರ್ಚಿಗಳು.

ಪರದೆಯ ಮೇಲಿನ ಅಧಿಕಾರಿ ಬಹಳ ಹೊತ್ತು ನಕ್ಕು, ಹಾಗಾದರೆ ತೀರ್ಮಾನ ನನ್ನ ಮೇಲೆಯೇ ಬಂತು ಅಂದರು. ಆಮೇಲೆ ನಕ್ಷೆ ತೆಗೆಸಿ, ಎಲ್ಲ ಊರುಗಳ ದಾರಿಯನ್ನೂ ನೋಡಿ, ನಿಜಕ್ಕೂ ಸೇತುವೆ ಮೊದಲು ಮುಳುಗುವುದು ಅಲ್ಲೇ, ಬೇರೆ ದಾರಿಯೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಆಸರೆ ಮನೆಯನ್ನು ಆ ಊರಿಗೇ ಕೊಟ್ಟರು.

ಅಂದೇ ಸಂಜೆ ಹೋಗಿ ಆಯಿಗೆ ಸುದ್ದಿ ಹೇಳಿದೆ. ಸೊಸೆಯ ತಲೆ ನೇವರಿಸಿ, ಸೆರಗಿನಿಂದ ಮುಖ ಮುಚ್ಚಿಕೊಂಡು ಒಂದಿಷ್ಟು ಅತ್ತಳು. ನಾನೂ ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು: ಕೊಟ್ಟವರು ಯಾರು, ಮಗಳೋ ಅಳಿಯನೋ? ಇಬ್ಬರೂ ಅಲ್ಲ, ಸಂಬಂಧಿಕರು ಯಾರೂ ಕೊಡುವ ಹಾಗಿರಲಿಲ್ಲ, ಯಾವ ಸಂಬಂಧವೂ ಇಲ್ಲದ ಬೆಂಗಳೂರಿನ ಸಾಹೇಬರೊಬ್ಬರು ಕೊಟ್ಟರು ಅಂದೆ. ಆಯಿಯ ಮುಖ ಮರುಕದಿಂದ ಬಾಡಿತು.

“ಅಯ್ಯ ಪಾಪ, ಅಂವಗ ಯಾರೂ ಇಲ್ಲೇನವ್ವಾ? ಪಂಚಮಿಗೆ ಉಣ್ಣಾಕ ಕರಕೊಂಡ ಬಾ.”